ಕೋವಿಗೆ ಕಾರ್ಬನ್ ಫೈಬರ್ ನಳಿಗೆ ಹಾಕಿಸಬಹುದಾ? ಕಾಫಿ ತೋಟದವರು ತಿಳಿದಿರಬೇಕಾದ ವಿಷಯ

ಮೂಡಿಗೆರೆ: ಮೊಬೈಲಿನಲ್ಲಿ ಅಮೆರಿಕದ ಬೇಟೆ ವಿಡಿಯೊ ನೋಡುವ ನಮ್ಮ ಕಡೆಯ ಹುಡುಗರಿಗೆ ಇತ್ತೀಚೆಗೆ ಒಂದು ಆಸೆ ಹುಟ್ಟಿದೆ. "ಅಪ್ಪನ ಕೋವಿ ಹೊತ್ತುಕೊಂಡು ಗುಡ್ಡ ಹತ್ತೋದ್ರೊಳಗೆ ಹೆಗಲು ಬಿದ್ದೋಗುತ್ತೆ. ಆ ನಳಿಗೆ ತೆಗೆಸಿ ಕಾರ್ಬನ್ ಫೈಬರ್‌ದು ಹಾಕಿಸಿದ್ರೆ ಆಗಲ್ವಾ?" ಪ್ರಶ್ನೆ ತಪ್ಪಲ್ಲ. ಕಳಸ, ಸಂಸೆ, ಬಾಳೂರು ಕಡೆಯ ಇಳಿಜಾರು ತೋಟದಲ್ಲಿ ಮಳೆಗಾಲದ ರಾತ್ರಿ ಮೂರೂಕಾಲು ಕೆ.ಜಿ. ಕಬ್ಬಿಣ ಹೊತ್ತು ಓಡಾಡಿದವರಿಗೆ ಅದರ ಕಷ್ಟ ಗೊತ್ತು. ಆದರೆ ಉತ್ತರ ಮಾತ್ರ ನೇರವಾಗಿದೆ: ನಮ್ಮ ತೋಟದ ಕೋವಿಗೆ ಕಾರ್ಬನ್ ನಳಿಗೆ ಕಾನೂನಿನಲ್ಲೂ ಕೂರುವುದಿಲ್ಲ, ಲೆಕ್ಕದಲ್ಲೂ ಕೂರುವುದಿಲ್ಲ. ಹಗುರ ಕೋವಿ ಬೇಕು ಅನ್ನೋರಿಗೆ ಬೇರೆ ದಾರಿ ಇದೆ. ಅದಕ್ಕಿಂತ ಮುಖ್ಯವಾಗಿ, ಹಗುರ ಮಾಡಲು ಹೋಗಿ ಕೆಲವರು ಹಿಡಿಯುವ ಅಡ್ಡದಾರಿ ನೇರ ಜೈಲಿಗೆ ಹೋಗುತ್ತದೆ.

ಮೊದಲು ಈ ಕಾರ್ಬನ್ ನಳಿಗೆ ಅಂದರೇನು ನೋಡೋಣ. ಇಡೀ ನಳಿಗೆ ಕಾರ್ಬನ್‌ನಿಂದ ಆಗಿರುತ್ತೆ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಒಳಗೆ ಗುಂಡು ಓಡುವ ಕೊಳವೆ ಉಕ್ಕಿನದೇ. ಆ ಉಕ್ಕನ್ನು ತೆಳ್ಳಗೆ ಕಡೆದು, ಅದರ ಮೇಲೆ ಅಂಟಿನಲ್ಲಿ ಅದ್ದಿದ ಕಾರ್ಬನ್ ಎಳೆಗಳನ್ನು ಸುತ್ತಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ಅಮೆರಿಕದ ಕ್ರಿಸ್ಟೆನ್ಸೆನ್ ಆರ್ಮ್ಸ್, ಪ್ರೂಫ್ ರಿಸರ್ಚ್ ಎಂಬ ಕಂಪನಿಗಳು ಇದಕ್ಕೆ ಹೆಸರುವಾಸಿ. ಒಂದು ನಳಿಗೆಗೇ ಅಲ್ಲಿ ಸಾವಿರ ಡಾಲರ್ ಆಸುಪಾಸು ಬೆಲೆ.

ಅದನ್ನು ಮಾಡಿದ್ದು ರೈಫಲ್‌ಗೆ. ರೈಫಲ್ ನಳಿಗೆಯೊಳಗೆ ತಿರುಪು ಗೆರೆ ಇರುತ್ತೆ, ಒಂದೇ ಗುಂಡು ತಿರುಗುತ್ತಾ ಹೋಗುತ್ತೆ. 30-06 ರೈಫಲ್‌ನಲ್ಲಿ ಚದರ ಇಂಚಿಗೆ 60,000 ಪೌಂಡ್‌ವರೆಗೂ ಒತ್ತಡ ಏಳುತ್ತದೆ. ದೂರದ ಗುರಿಗೆ ಹೊಡೆಯುವಾಗ ನಳಿಗೆ ನಡುಗಬಾರದು, ಬಿಸಿಯಾದರೂ ಸೊಟ್ಟಗಾಗಬಾರದು. ಅದಕ್ಕೇ ಅಲ್ಲಿ ನಳಿಗೆ ದಪ್ಪ ಇಡುತ್ತಾರೆ. ದಪ್ಪ ಆದಷ್ಟೂ ಬಿಗಿ. ದಪ್ಪವೂ ಬೇಕು, ಭಾರವೂ ಬೇಡ ಅಂದಾಗ ಹೊರಗಿನ ಉಕ್ಕು ತೆಗೆದು ಕಾರ್ಬನ್ ಸುತ್ತುತ್ತಾರೆ. ಉಕ್ಕು ನೀರಿಗಿಂತ ಎಂಟು ಪಟ್ಟಿಗೆ ಹತ್ತಿರ ಭಾರ, ಕಾರ್ಬನ್ ಸುತ್ತು ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಭಾರದ ರೈಫಲ್ ನಳಿಗೆಯಲ್ಲಿ ಒಂದು ಕೆ.ಜಿ. ಉಳಿಸುವುದು ಕಷ್ಟವಲ್ಲ.

ನಮ್ಮ ಮನೆಗಳಲ್ಲಿ ಇರುವುದು ಆ ಜಾತಿಯದೇ ಅಲ್ಲ. ಲೈಸೆನ್ಸ್ ಪುಸ್ತಕ ತೆಗೆದು ನೋಡಿ: ಎಸ್‌ಬಿಬಿಎಲ್, ಡಿಬಿಬಿಎಲ್, ಇಲ್ಲವೇ ಎಸ್‌ಬಿಎಂಎಲ್ ಅಂತ ಇರುತ್ತದೆ. ಅಂದ್ರೆ ಒಂಟಿ ನಳಿಗೆ ತೋಟಾ ಕೋವಿ, ಜೋಡು ನಳಿಗೆ ತೋಟಾ ಕೋವಿ, ಬಾಯಿಂದ ಮಸಿ ತುಂಬುವ ಕೇಪಿನ ಕೋವಿ. ತೋಟಾ ಕೋವಿ ಹೆಚ್ಚಿನವು 12 ಬೋರಿನವು, ಒಳಗೆ ಗೆರೆ ಇಲ್ಲದ ನುಣುಪು ನಳಿಗೆ. ಹಾರುವುದು ಚರೆ. ಒತ್ತಡ ಹೆಚ್ಚೆಂದರೆ 11,500 ಪೌಂಡ್, ಅಂದ್ರೆ ರೈಫಲ್‌ನ ಐದನೇ ಒಂದು ಭಾಗಕ್ಕೂ ಕಡಿಮೆ. ಆದ್ದರಿಂದಲೇ 12 ಬೋರಿನ ನಳಿಗೆ ಮೊದಲೇ ತೆಳ್ಳಗಿರುತ್ತದೆ. ಒಳ್ಳೆಯ ಜೋಡು ನಳಿಗೆಯಲ್ಲಿ ಬಾಯಿಯ ಹತ್ತಿರ ಗೋಡೆಯ ದಪ್ಪ ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ. ಅದರಿಂದ ಇನ್ನು ಉಕ್ಕು ತೆಗೆದು ಕಾರ್ಬನ್ ಸುತ್ತೋಕೆ ಏನು ಉಳಿದಿದೆ? ಕೊಬ್ಬಿಲ್ಲದ ಕೋಳಿಯಿಂದ ಎಣ್ಣೆ ತೆಗೆಯೋಕೆ ಹೋದ ಹಾಗೆ.

ಕಾನೂನು ನಳಿಗೆಯ ಉದ್ದವನ್ನೇ ಬರೆದಿಟ್ಟಿದೆ

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಓದಿದವರು ನಮ್ಮಲ್ಲಿ ಕಡಿಮೆ. ಅದರಲ್ಲಿ ಬೆಳೆ ರಕ್ಷಣೆಗೆಂದೇ ಒಂದು ಮಾತು ಇದೆ. ನಿಜವಾದ ಬೆಳೆ ರಕ್ಷಣೆಗೆ ಮೊದಲು ಹೇಳಿರುವುದು ಬಾಯಿಂದ ಮಸಿ ತುಂಬುವ ಕೋವಿ. ಅದು ಸಾಲದು ಎಂದು ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿ ಕೊಡಬಹುದು, ಆದರೆ ನಳಿಗೆ 20 ಇಂಚಿಗೆ ಕಡಿಮೆ ಇರಬಾರದು. ರೈಫಲ್ ಬೇಕೆಂದರೆ ಅದು ಬೇರೆ ಲೆಕ್ಕ. ಯಾಕೆ ಬೇಕು ಎಂಬುದಕ್ಕೆ ಸಕಾರಣ ತೋರಿಸಬೇಕು, ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. "ಹಂದಿ ಬರುತ್ತೆ ಸಾರ್" ಅಂದರೆ ಅಲ್ಲಿ ನಡೆಯೋದು ಕಷ್ಟ.

ಇನ್ನು ವಿದೇಶದಿಂದ ನಳಿಗೆ ತರಿಸುವ ಮಾತು. ಆನ್‌ಲೈನ್‌ನಲ್ಲಿ ಸಿಗುತ್ತಲ್ಲ, ಬರೀ ಕೊಳವೆ ತಾನೇ ಅನ್ನಬೇಡಿ. ಶಸ್ತ್ರಾಸ್ತ್ರ ಅನ್ನುವ ಪದದೊಳಗೆ ಅದರ ಬಿಡಿಭಾಗಗಳೂ ಸೇರಿವೆ. ಬರೀ ನಳಿಗೆಯ ಪಾರ್ಸೆಲ್ ಬಂದರೂ ಅದು ಕೋವಿ ಬಂದ ಹಾಗೆಯೇ. ಹೆಸರಾಂತ ಶೂಟಿಂಗ್ ಕ್ರೀಡಾಪಟುಗಳಿಗೆ ಆಮದಿನ ಅವಕಾಶ ಇದೆ, ತೋಟಕ್ಕೆಂದು ಲೈಸೆನ್ಸ್ ಪಡೆದವರಿಗೆ ಆ ಬಾಗಿಲು ಇಲ್ಲ.

ಪಕ್ಕದ ಕೊಡಗಿನ ಉದಾಹರಣೆ ಕೊಡೋರೂ ಇದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಅದು ಅವರಿಗೆ. ಮಡಿಕೇರಿಯ ಭಾವನ ಕೋವಿ ತಂದು ಮೂಡಿಗೆರೆಯ ತೋಟದ ಮನೆಯಲ್ಲಿ ಇಟ್ಟುಕೊಂಡರೆ ವಿನಾಯಿತಿ ನಿಮ್ಮ ಜೊತೆ ಬರುವುದಿಲ್ಲ.

ಕಾಡಿನ ಪಕ್ಕದವರಿಗೆ ಇನ್ನೊಂದು ನಿಯಮ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ಅಭಯಾರಣ್ಯದಿಂದ 10 ಕಿ.ಮೀ. ಒಳಗಿರುವ ಕೋವಿ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು, ಹೊಸ ಲೈಸೆನ್ಸ್ ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ರಾಷ್ಟ್ರೀಯ ಉದ್ಯಾನಕ್ಕೂ ಇದೇ ಅನ್ವಯ. ಒಂದು ಕಡೆ ಕುದುರೆಮುಖ, ಇನ್ನೊಂದು ಕಡೆ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ. ಸಂಸೆ, ಕಳಸದ ಕಡೆಯವರಾಗಲಿ ಮುತ್ತೋಡಿ ಕಡೆಯವರಾಗಲಿ ತಮ್ಮ ತೋಟ ಈ ಗೆರೆಯ ಒಳಗೋ ಹೊರಗೋ ಎಂದು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ನವೀಕರಣದ ಸಮಯದಲ್ಲಿ ಫೈಲು ನಿಂತ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳಿದರೆ ತಿರುಗಾಟ ಕಡಿಮೆ.

ನಳಿಗೆ ಕತ್ತರಿಸಿದರೆ ಎಷ್ಟು ಹಗುರ?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕಂದ್ರೆ ಕಾರ್ಬನ್ ಆಸೆ ಕೈಗೂಡದಾಗ ಮುಂದಿನ ಯೋಚನೆ ಇದೇ. "30 ಇಂಚು ಇದೆ, ನಾಲ್ಕು ಇಂಚು ಕತ್ತರಿಸಿಬಿಟ್ರೆ ಕಾಫಿ ಗಿಡಕ್ಕೆ ಸಿಕ್ಕಲ್ಲ, ಭಾರನೂ ಇಳಿಯುತ್ತೆ."

ಲೆಕ್ಕ ಹಾಕಿ ನೋಡೋಣ. ಬಾಯಿಯ ಕಡೆ ನಳಿಗೆ ತೆಳ್ಳಗೆ ಅಂತ ಆಗಲೇ ಹೇಳಿದೆವು. ಒಂಟಿ ನಳಿಗೆಯ ಆ ತುದಿಯಲ್ಲಿ ನಾಲ್ಕು ಇಂಚಿನ ತೂಕ ಗೋಡೆಯ ದಪ್ಪ ನೋಡಿಕೊಂಡು ಸುಮಾರು 50ರಿಂದ 80 ಗ್ರಾಂ. ಅಂದ್ರೆ ಒಂದು ಅಥವಾ ಒಂದೂವರೆ ಕಾಟ್ರಿಜ್‌ನ ತೂಕ! ಜೇಬಿನಲ್ಲಿರುವ ಎರಡು ಕಾಟ್ರಿಜ್ ಮನೆಯಲ್ಲಿ ಬಿಟ್ಟು ಹೋದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ. ಬಾಯಿಯಲ್ಲಿರುವ ಚೋಕ್, ಅಂದ್ರೆ ಚರೆ ಚದುರದಂತೆ ನಳಿಗೆಯನ್ನು ತುದಿಯಲ್ಲಿ ಕಿರಿದು ಮಾಡಿರುವ ಭಾಗ, ಅದೂ ಹೋಗುತ್ತದೆ. ಹಾಗೇ ಮುಂಭಾಗ ಹಗುರಾಗಿ ಕೋವಿಯ ತೂಕ ಹಿಂದಕ್ಕೆ ಸರಿದು ಗುರಿ ನಿಲ್ಲುವುದೂ ಕಷ್ಟ.

ಅದಕ್ಕೆ ತೆರುವ ಬೆಲೆ ಕೇಳಿ. ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವುದು ಕಾಯ್ದೆಯ 6ನೇ ಕಲಂ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಕತ್ತರಿಸಿದ ಮೇಲೂ 20 ಇಂಚಿಗಿಂತ ಉದ್ದ ಇದೆಯಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಅಪರಾಧ ಆಗುವುದು ಕತ್ತರಿಸಿದ್ದಕ್ಕೆ.

ಲೇತ್ ಅಂಗಡಿ, ವೆಲ್ಡಿಂಗ್ ಶೆಡ್ ನಡೆಸುವವರು ಇದನ್ನು ಇನ್ನೂ ಗಮನವಿಟ್ಟು ಓದಬೇಕು. ಕೋವಿ ರಿಪೇರಿಗೂ ಲೈಸೆನ್ಸ್ ಬೇಕು. ಪರಿಚಯದವರು, ತೋಟದ ಸಾಹುಕಾರರು, "ಸ್ವಲ್ಪ ತುದಿ ತೆಗೆದುಕೊಡಪ್ಪ", "ಈ ಪಿನ್ ಒಂದು ಬೆಸುಗೆ ಹಾಕು" ಅಂದಾಗ ಇಲ್ಲ ಅನ್ನೋದು ಕಷ್ಟವೇ. ಆದರೆ ನೂರಿನ್ನೂರು ರೂಪಾಯಿ ಕೂಲಿಯ ಆ ಕೆಲಸಕ್ಕೂ ಇದೇ ಏಳು ವರ್ಷದ ಕಲಂ ಹಾಕಬಹುದು. ಕೋವಿ ತಂದವರ ಹತ್ತಿರ ಲೈಸೆನ್ಸ್ ಇದ್ದರೆ ಅದು ಇಟ್ಟುಕೊಳ್ಳೋಕೆ ಲೈಸೆನ್ಸ್. ನಿಮಗೆ ರಿಪೇರಿ ಮಾಡೋಕೆ ಅಲ್ಲ. ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಕಳುಹಿಸಿಬಿಡಿ.

ಹಾಗಾದರೆ ಹಗುರ ಕೋವಿ ಹೇಗೆ ಆರಿಸೋದು?

ಹೊಸದಾಗಿ ಕೊಳ್ಳುವವರು, ಇಲ್ಲವೇ ಹಳೆಯದನ್ನು ಕೊಟ್ಟು ಬೇರೆ ತೆಗೆದುಕೊಳ್ಳುವವರು ಮೊದಲು ನೋಡಬೇಕಾದ್ದು ಒಂಟಿಯೋ ಜೋಡಿಯೋ ಎಂಬುದು. ನಳಿಗೆಗಳ ತೂಕದಲ್ಲಿ ನಿಜವಾದ ವ್ಯತ್ಯಾಸ ಬರುವುದು ಇಲ್ಲಿಯೇ. ಜೋಡು ನಳಿಗೆ ಸಾಮಾನ್ಯವಾಗಿ 3ರಿಂದ 3.4 ಕೆ.ಜಿ. ತೂಗುತ್ತದೆ, ಒಂಟಿ ನಳಿಗೆಯಲ್ಲಿ ಮೂರು ಕೆ.ಜಿ.ಗಿಂತ ಕೆಳಗೆ ಸಿಗುತ್ತದೆ. ಜೋಡಿಯ ಗತ್ತು ಬೇರೆ, ಒಪ್ಪಿಕೊಳ್ಳೋಣ. ಗೋಡೆಗೆ ನೇತುಹಾಕಿದಾಗ ಚೆಂದ ಕಾಣುತ್ತೆ. ತೋಟ ಸುತ್ತುವವರಿಗೆ ಒಂಟಿಯೇ ಸಾಕು ಅನ್ನುವುದು ನಮ್ಮ ಅಭಿಪ್ರಾಯ.

ಉದ್ದದ ವಿಷಯಕ್ಕೆ ಬಂದರೆ, ಕಾರ್ಖಾನೆಯಿಂದಲೇ ಗಿಡ್ಡವಾಗಿ ಬಂದಿರುವ ನಳಿಗೆ ಹುಡುಕಿ, 20 ಇಂಚಿಗೆ ಕಡಿಮೆ ಇಲ್ಲದ ಹಾಗೆ. ಉದ್ದ ನಳಿಗೆ ದೂರ ಹೊಡೆಯುತ್ತೆ ಎಂಬುದು ಮಸಿ ಕೋವಿಯ ಕಾಲದ ಮಾತು; ಕರಿಮಸಿ ನಿಧಾನವಾಗಿ ಉರಿಯುತ್ತಿತ್ತು. ಈಗಿನ ಕಾಟ್ರಿಜ್‌ನ ಮದ್ದು ನಳಿಗೆಯ ಮೊದಲ ಇಪ್ಪತ್ತು ಇಂಚಿನೊಳಗೇ ಬಹುತೇಕ ಉರಿದು ಮುಗಿದಿರುತ್ತದೆ. ಆಮೇಲಿನ ಉದ್ದ ಗುರಿ ಹಿಡಿಯಲು ಅನುಕೂಲ, ವೇಗಕ್ಕೆ ಸೇರಿಸುವುದು ಅಲ್ಪ. ಸಿಲ್ವರ್ ನೆರಳಿನ ಕೆಳಗೆ, ರೊಬಸ್ಟಾ ಸಾಲಿನ ಮಧ್ಯೆ ಕಣ್ಣಿಗೆ ಕಾಣುವುದೇ ಇಪ್ಪತ್ತು ಮೂವತ್ತು ಮೀಟರು. 32 ಇಂಚಿನ ನಳಿಗೆ ಅಲ್ಲಿ ಗಿಡಕ್ಕೆ ಸಿಕ್ಕಿಕೊಳ್ಳುತ್ತದೆ ಅಷ್ಟೇ.

ಹಗುರ ಹಗುರ ಅಂತ ತೀರಾ ಹಗುರಕ್ಕೂ ಹೋಗಬಾರದು. ಅದೇ ಕಾಟ್ರಿಜ್ ಹಾಕಿದಾಗ ಕೋವಿ ಒದೆಯುವ ಶಕ್ತಿ ತೂಕ ಇಳಿದಷ್ಟೂ ಏರುತ್ತದೆ. 3.2 ಕೆ.ಜಿ. ಕೋವಿಯ ಜಾಗದಲ್ಲಿ 2.5 ಕೆ.ಜಿ.ಯದು ಹಿಡಿದರೆ ಹೆಗಲಿಗೆ ಬೀಳುವ ಹೊಡೆತ ಕಾಲು ಭಾಗಕ್ಕಿಂತ ಜಾಸ್ತಿ. ಹೊತ್ತು ನಡೆಯುವಾಗ ಉಳಿಸಿದ್ದನ್ನು ಒಂದು ಈಡಿನಲ್ಲಿ ವಾಪಸ್ ಕೊಡಬೇಕಾಗುತ್ತೆ. ಹೆಗಲಿಗೆ ಅಗಲವಾದ ಪಟ್ಟಿ, ಒಳ್ಳೆಯ ಸ್ಲಿಂಗ್ ಹಾಕಿಸಿದರೆ ಅರ್ಧ ಭಾರ ಇಳಿದಂತೆ ಅನಿಸುತ್ತೆ. ಖರ್ಚೂ ಕಡಿಮೆ, ಕಾನೂನಿನ ತಕರಾರೂ ಇಲ್ಲ.

ಹಳೆಯ ಎಸ್ಟೇಟ್ ಮನೆಗಳ ಕಬ್ಬಿಣದ ಬೀರುವಿನಲ್ಲಿ ಅಜ್ಜನ ಕಾಲದ ರೈಫಲ್ ಇದ್ದರೆ ಅದನ್ನು ತೋಟಕ್ಕೆ ತರಬೇಡಿ ಎಂದು ಹೇಳುವುದಕ್ಕೂ ಕಾರಣ ಇದೆ. ಚಿಕ್ಕ ಚರೆ ಇನ್ನೂರೈವತ್ತು ಮೀಟರಿನೊಳಗೆ ನೆಲ ಹಿಡಿಯುತ್ತದೆ. ಹಂದಿಗೆ ಬಳಸುವ ದಪ್ಪ ಚರೆ ಅರ್ಧ ಕಿ.ಮೀ. ದಾಟಬಹುದು. ರೈಫಲ್ ಗುಂಡು ಮೂರು ನಾಲ್ಕು ಕಿ.ಮೀ. ಹೋಗುತ್ತದೆ. ಗುಡ್ಡದ ಈ ಬದಿಯಲ್ಲಿ ಹೊಡೆದದ್ದು ಆ ಬದಿಯ ಲೈನ್ ಮನೆಯ ಅಂಗಳಕ್ಕೆ ಬಿದ್ದರೆ ಯಾರನ್ನು ಕೇಳುವುದು? ಹಂದಿ ಅಂತ ತಿಳಿದು ಮನುಷ್ಯರಿಗೆ ಹೊಡೆದ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ಪೊದೆ ಅಲ್ಲಾಡಿದ್ದು ಗುರಿಯಲ್ಲ. ಅದು ಮೆಣಸಿನ ಬಳ್ಳಿ ನೋಡಲು ಬಂದ ಪಕ್ಕದ ತೋಟದ ಆಳೂ ಆಗಿರಬಹುದು.

ಹಗುರಕ್ಕಿಂತ ಮೊದಲು ಗಟ್ಟಿ ಇದೆಯಾ ನೋಡಿ

ಸೆಕೆಂಡ್ ಹ್ಯಾಂಡ್ ಕೋವಿ ತೆಗೆದುಕೊಳ್ಳುವಾಗ ಅಂಗಡಿಯವರ ಎದುರೇ, ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ನಳಿಗೆ ಬಿಚ್ಚಿಸಿ ಬೆಳಕಿಗೆ ಹಿಡಿಯಿರಿ. ಒಳಗೆ ಬೆಳಕಿನ ಉಂಗುರಗಳು ನೇರವಾಗಿ ಕಾಣಬೇಕು. ಎಲ್ಲಾದರೂ ಉಂಗುರ ಮುರಿದಂತೆ, ಸೊಟ್ಟಗೆ ಕಂಡರೆ ಅಲ್ಲಿ ತಗ್ಗು ಇದೆ ಅಥವಾ ಉಬ್ಬು ಇದೆ. ತಗ್ಗನ್ನು ಬಲ್ಲವರು ಸರಿ ಮಾಡಬಹುದು. ಉಬ್ಬಿದ ನಳಿಗೆ ಬೇಡವೇ ಬೇಡ. ಕರಿ ಚುಕ್ಕಿಗಳಿದ್ದರೆ ತುಕ್ಕು ತಿಂದ ಗುಳಿ. ಚೇಂಬರ್ ಹತ್ತಿರ ಗುಳಿ ಇದ್ದರೆ ಹೆಚ್ಚು ಅಪಾಯ, ಒತ್ತಡ ಅಲ್ಲೇ ಜಾಸ್ತಿ. ಜೋಡು ನಳಿಗೆಯಾದರೆ ಬಿಚ್ಚಿದ ನಳಿಗೆಯನ್ನು ಕೊಕ್ಕೆಯಿಂದ ನೇತುಬಿಟ್ಟು ಬೆರಳಿನ ಗೆಣ್ಣಿನಿಂದ ತಟ್ಟಿ. ಗಂಟೆಯ ಹಾಗೆ ನಾದ ಬಂದರೆ ಬೆಸುಗೆ ಸರಿ ಇದೆ; ಒಡೆದ ಮಡಕೆಯ ಸದ್ದು ಬಂದರೆ ನಡುವಿನ ಪಟ್ಟಿ ಸಡಿಲಾಗಿದೆ.

ಬ್ರಿಟಿಷರ ಕಾಲದ ಇಂಗ್ಲಿಷ್ ಕೋವಿಗಳ ಮೇಲೆ ಹಾವಿನ ಪೊರೆಯಂಥ ಸುಂದರ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದದ್ದು. ಅವುಗಳಲ್ಲಿ ಬಹುಪಾಲು ಕರಿಮಸಿಗೆಂದು ಮಾಡಿದವು. ಅದರ ಮೇಲೆ "ನೈಟ್ರೊ ಪ್ರೂಫ್" ಮುದ್ರೆ ಇಲ್ಲದಿದ್ದರೆ ಈಗಿನ ಕಾಟ್ರಿಜ್ ಹಾಕಲೇಬಾರದು. ಚೇಂಬರ್ ಉದ್ದವೂ ನೋಡಬೇಕು: ಹಳೆಯವು ಎರಡೂವರೆ ಇಂಚಿನವು, ಅಂದ್ರೆ 65 ಮಿ.ಮೀ.; ಈಗಿನ ಕಾಟ್ರಿಜ್ ಹಲವು 70 ಮಿ.ಮೀ. ಹೊಸ ಕಾಟ್ರಿಜ್ ಹಳೆಯ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ, ಮೋಸ ಅಲ್ಲೇ ಇರೋದು. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

ಮನೆಯಲ್ಲಿ 20 ಬೋರಿನ ಕೋವಿಯೂ ಇದ್ದರೆ ಎರಡರ ಕಾಟ್ರಿಜ್ ಒಂದೇ ಚೀಲದಲ್ಲಿ ಇಡಬೇಡಿ. ಕತ್ತಲಲ್ಲಿ 20ರದು 12ಕ್ಕೆ ಹೋದರೆ ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಖಾಲಿ ಕಾಣುತ್ತೆ. ಅದರ ಹಿಂದೆ 12ರದು ಹಾಕಿ ಹೊಡೆದರೆ ನಳಿಗೆ ಎಡಗೈಯ ಹತ್ತಿರವೇ ಸಿಡಿಯುತ್ತದೆ.

ನಮ್ಮ ಮಳೆಗೆ ಕಾರ್ಬನ್ ಸುತ್ತು ತುಕ್ಕು ಹಿಡಿಯಲ್ಲ ನಿಜ, ಒಳಗಿನ ಉಕ್ಕು ಹಿಡಿಯುತ್ತಲ್ಲ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚೀಲದಲ್ಲಿ ಕೋವಿ ಇಡಬೇಡಿ, ಚರ್ಮ ತೇವ ಹೀರಿಕೊಂಡು ನಳಿಗೆಗೆ ಕೊಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವೂ ಬಿಡಬೇಕು. ಜನವರಿ ಬೆಳಗ್ಗೆ ಕಳಸದ ಚಳಿಯಲ್ಲಿ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಕೋವಿಯ ಸಂದಿಯಲ್ಲಿ ಗಟ್ಟಿಯಾಗದೆ ಇರುತ್ತಾ? ಮಸಿ ಕೋವಿಯಾದರೆ ಹೊಡೆದ ದಿನವೇ ಬಿಸಿನೀರಲ್ಲಿ ತೊಳೆದು ಒಣಗಿಸಿ ಎಣ್ಣೆ ಹಾಕಬೇಕು. ಕರಿಮಸಿಯ ಶೇಷ ತೇವ ಹೀರುತ್ತದೆ. ಇನ್ನೊಂದು, ಮಣ್ಣಿನ ಗೂಡು ಕಟ್ಟುವ ಕಣಜ. ಗೋಡೆಗೆ ಒರಗಿಸಿಟ್ಟ ನಳಿಗೆ ಅದಕ್ಕೆ ಹೇಳಿ ಮಾಡಿಸಿದ ಮನೆ. ಮಣ್ಣು ಅಡ್ಡ ಇದ್ದಾಗ ಹೊಡೆದರೆ ನಳಿಗೆ ಬಾಯಿ ಬಾಳೆಹಣ್ಣಿನ ಸಿಪ್ಪೆಯಂತೆ ಸೀಳುತ್ತದೆ.

ಲೈಸೆನ್ಸ್ ಇದ್ದರೆ ಹೊಡೆಯಬಹುದು ಅಂತಲ್ಲ

ಬೇಟೆಗೆ ಅಂತ ಕೋವಿ ಮಾಡಿಸುವ ಮಾತೇ ನಮ್ಮಲ್ಲಿ ಇಲ್ಲ. 1972ರ ಕಾಯ್ದೆಯಿಂದ ಬೇಟೆ ನಿಷೇಧ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾಳು ಮಾಡಿದರೂ ಹೊಡೆಯಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಬೇಕು. ಆನೆ, ಕಾಟಿ ಮೊದಲನೇ ಅನುಸೂಚಿ; ಕನಿಷ್ಠ 3 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಪ್ರಾಣಕ್ಕೇ ಬಂದಾಗ ಆತ್ಮರಕ್ಷಣೆಗೆ ಹೊಡೆದದ್ದು ಅಪರಾಧವಲ್ಲ ಎಂದು 11ನೇ ಕಲಂ ಹೇಳುತ್ತದೆ, ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಬಾಣಲೆಗೆ ಹೋದರೆ ಆತ್ಮರಕ್ಷಣೆಯ ಮಾತು ಯಾರೂ ಕೇಳುವುದಿಲ್ಲ. ಆನೆ ಬಂದರೆ ಕೋವಿ ಮುಟ್ಟದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಚರೆ ತಿಂದ ಆನೆ ಮರುದಿನ ಎದುರಿಗೆ ಸಿಕ್ಕವರ ಮೇಲೆ ಸಿಟ್ಟು ತೀರಿಸಿಕೊಳ್ಳಬಹುದು, ಸಾಮಾನ್ಯವಾಗಿ ಸಿಗುವವರು ಕೆಲಸಕ್ಕೆ ಹೊರಟ ಕೂಲಿಯವರು.

ಕಾಗದಪತ್ರದ ಕೆಲವು ಮಾತು. ಈಗ ಲೈಸೆನ್ಸ್ ಅವಧಿ 5 ವರ್ಷ, ಒಬ್ಬರ ಹೆಸರಲ್ಲಿ ಎರಡೇ ಕೋವಿ. ತಂದೆಯ ಕೋವಿ ಮಗನ ಅಥವಾ ಮಗಳ ಹೆಸರಿಗೆ ಆಗಬೇಕಾದರೆ ಅವರು ತೀರಿಹೋಗುವವರೆಗೆ ಕಾಯಬೇಕಿಲ್ಲ. ಅವರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ 25 ವರ್ಷದಿಂದ ಅವರ ಬಳಿ ಇದ್ದರೆ, ಯಾವುದು ಮೊದಲೋ ಆಗ, ವಾರಸುದಾರರು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬಹುದು ಎಂದು 2016ರ ನಿಯಮಗಳಲ್ಲಿ ಇದೆ. ತೀರಿಕೊಂಡ ಮೇಲೆ ಲೈಸೆನ್ಸ್ ಇಲ್ಲದವರು ಕೋವಿಯನ್ನು ಅಟ್ಟದಲ್ಲಿ ಇಟ್ಟುಕೊಂಡು ಕೂರುವಂತಿಲ್ಲ. ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕು.

ಚುನಾವಣೆ ಬಂದಾಗ ಠೇವಣಿ ಇಡುವ ತಲೆನೋವು ಎಲ್ಲರಿಗೂ ಗೊತ್ತಿರುವುದೇ. ವಿನಾಯಿತಿ ಬೇಕಾದವರು ಕಾರಣ ಬರೆದು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ಅರ್ಜಿ ಕೊಡಬಹುದು. ಇಡಲೇಬೇಕಾದರೆ ಒಪ್ಪಿಸುವ ಮುಂಚೆ ನಳಿಗೆ ಒಳಗೂ ಹೊರಗೂ ಎಣ್ಣೆ ಒರೆಸಿ, ರಸೀದಿಯಲ್ಲಿ ಕೋವಿಯ ನಂಬರ್ ಸರಿಯಾಗಿ ಬರೆದಿದ್ದಾರಾ ನೋಡಿಕೊಳ್ಳಿ. ನಾಲ್ಕು ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ವಾಪಸ್ ಕೊಟ್ಟ ದಿನ ಮನೆಗೆ ತಂದು ಮೊದಲು ಮಾಡಬೇಕಾದ ಕೆಲಸ ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ನೋಡುವುದು.